ರಕ್ತದಲ್ಲಿ ಪ್ರತಿವಿಷದ ಅಳತೆ

“ಮದ್ದು ಹಾಕಿದ್ದಾರೆ, ಇನ್ನು ಭಯವಿಲ್ಲ” ಎಂಬ ಮಾತನ್ನು ಆಸ್ಪತ್ರೆಯ ಹೊರಜಗುಲಿಯಲ್ಲಿ ನಿಂತವರೆಲ್ಲರೂ ಒಂದಲ್ಲ ಒಂದು ಸಲ ಕೇಳಿಯೇ ಇರುತ್ತಾರೆ. ಈ ಮಾತಿನಲ್ಲಿ ಸಮಾಧಾನವುಂಟು, ಆದರೆ ಲೆಕ್ಕವಿಲ್ಲ. ಆ ಲೆಕ್ಕವನ್ನು ಕುರಿತು ನಾನು ಮೊದಲು ಯೋಚಿಸಿದ್ದು ನಮ್ಮ ದೊಡ್ಡಪ್ಪನವರ ಒಂದು ಪ್ರಶ್ನೆಯಿಂದ.

ಎರಡು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಬದನೆಯ ತೋಟಕ್ಕೆ ಕೀಟನಾಶಕ ಹೊಡೆಯುತ್ತಿದ್ದ ಕೂಲಿಯಾಳೊಬ್ಬ ಸಂಜೆಯ ವೇಳೆಗೆ ತಲೆಸುತ್ತಿ ಬಿದ್ದನು. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದು. ಅವನನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಿದೆವು. ರಾತ್ರಿ ದಾದಿಯೊಬ್ಬರು ಹೊರಗೆ ಬಂದು, “ಪ್ಯಾಮ್ ಹಾಕಿದ್ದೇವೆ” ಎಂದರು. ದೊಡ್ಡಪ್ಪ ಕೇಳಿದರು: “ಎಷ್ಟು ಹಾಕಿದ್ರಿ, ತಾಯಿ?”

“ಒಂದು ಗ್ರಾಂ, ಯಜಮಾನ್ರೇ.”

“ಈಗ ಅವನ ಮೈಯೊಳಗೆ ಎಷ್ಟಿದೆ?”

ಆ ತಾಯಿ ನಕ್ಕು ಒಳಗೆ ಹೋದರು. ನನಗೂ ಅದು ಹಳ್ಳಿಯವರ ಪ್ರಶ್ನೆಯೆಂದೇ ತೋರಿತು. ಆದರೆ ದೊಡ್ಡಪ್ಪ ಬಿಡಲಿಲ್ಲ. “ಅಲ್ಲ ಕಣೋ, ತೂಬಲ್ಲಿ ಬಿಟ್ಟ ನೀರೆಲ್ಲಾ ಕೊನೇ ಗದ್ದೆಗೆ ಬತ್ತದೇನೋ? ಬಂದ್ರೂ ಪೈರು ಕುಡೀಬೇಕಲ್ಲ?” ಎಂದರು. ಆ ಕೂಲಿಯಾಳು ಹನ್ನೆರಡು ದಿನ ಮಲಗಿದ್ದು ಎದ್ದು ಬಂದನು. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಮುಂದೆ ಓದುತ್ತ ಹೋದಂತೆ, ವಿಷವೈದ್ಯದ ಪಂಡಿತರು ಸುಮಾರು 60 ವರ್ಷಗಳಿಂದ ವಿಚಾರಿಸುತ್ತ ಬಂದಿರುವುದೂ ಇದೇ ಪ್ರಶ್ನೆಯನ್ನು ಎಂದು ತಿಳಿದು ಆಶ್ಚರ್ಯಪಟ್ಟೆನು. ಕೊಟ್ಟದ್ದೆಷ್ಟು, ರಕ್ತದಲ್ಲಿ ಇರುವುದೆಷ್ಟು, ಅದರಿಂದ ಆದದ್ದೇನು ಎಂಬ ಮೂರು ಪ್ರಶ್ನೆಗಳೂ ಬೇರೆ ಬೇರೆ. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲದು. ಇದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿಷವು ಮಾಡುವ ಕೆಲಸ

ನಮ್ಮ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ಒಸರುತ್ತದೆ. ಸ್ನಾಯುವಿಗೆ “ಎಳೆ” ಎಂದೂ, ಗ್ರಂಥಿಗೆ “ಸುರಿಸು” ಎಂದೂ ಆಜ್ಞೆಯನ್ನು ಮುಟ್ಟಿಸುವ ದೂತನೇ ಇದು. ಆಜ್ಞೆ ಮುಟ್ಟಿದ ಕೂಡಲೇ ದೂತನನ್ನು ಅಲ್ಲಿಂದ ತೆಗೆಯಬೇಕು. ಇಲ್ಲವಾದರೆ ಆಜ್ಞೆ ನಿಲ್ಲುವುದೇ ಇಲ್ಲ. ಈ ತೆಗೆಯುವ ಕೆಲಸಕ್ಕೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಅದು ಅಸಿಟೈಲ್‌ಕೋಲಿನನ್ನು ಕ್ಷಣಾರ್ಧದಲ್ಲಿ ಒಡೆದುಹಾಕುತ್ತದೆ.

ಆರ್ಗನೊಫಾಸ್ಫೇಟ್ ಎಂಬ ರಂಜಕದ ಸಂಯುಕ್ತಗಳು ಈ ಕಿಣ್ವದ ಮೇಲೆಯೇ ಕೈಮಾಡುತ್ತವೆ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞನು ಕೀಟಗಳನ್ನು ಕೊಲ್ಲುವ ವಸ್ತುಗಳನ್ನು ಹುಡುಕುತ್ತ ಹೋಗಿ, 1936ರಲ್ಲಿ ಟಾಬುನ್, 1938ರಲ್ಲಿ ಸರಿನ್ ಎಂಬ ಯುದ್ಧವಿಷಗಳನ್ನು ಕಂಡನು. ಹೊಲದಲ್ಲಿ ಬಳಸಿದ ಪ್ಯಾರಾಥಿಯಾನ್, ಮಾನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಡೈಮೆಥೊಯೇಟ್ ಮುಂತಾದುವು ಅದೇ ವಂಶದವು. ಇವುಗಳ ರಂಜಕದ ಭಾಗವು ಕಿಣ್ವದ ಕೆಲಸ ನಡೆಯುವ ಜಾಗಕ್ಕೆ ಬೆಣೆ ಹೊಡೆದಂತೆ ಅಂಟಿಕೊಳ್ಳುತ್ತದೆ. ಕಿಣ್ವ ಸ್ತಬ್ಧವಾಗುತ್ತದೆ, ದೂತರು ಗುಂಪುಕೂಡುತ್ತಾರೆ. ಜೊಲ್ಲು, ಬೆವರು, ಕಫ ಸುರಿಯುತ್ತವೆ, ಶ್ವಾಸನಾಳ ಬಿಗಿಯುತ್ತದೆ, ಸ್ನಾಯುಗಳು ಮೊದಲು ಅದುರಿ ಆಮೇಲೆ ಸೋಲುತ್ತವೆ. ಉಸಿರಾಟವೇ ನಿಂತು ಸಾವು ಬರುತ್ತದೆ.

ಈ ವಿಷ ನಮಗೆ ಅಪರಿಚಿತವಲ್ಲ. 1958ರಲ್ಲಿ ನೆರೆಯ ಕೇರಳದಲ್ಲಿ ಪ್ಯಾರಾಥಿಯಾನ್ ಸೋಂಕಿದ ಗೋಧಿಹಿಟ್ಟಿನ ಆಹಾರವನ್ನು ತಿಂದು 100ಕ್ಕೂ ಹೆಚ್ಚು ಮಂದಿ ಮಡಿದರು. ಹತ್ತು ವರ್ಷಗಳ ತರುವಾಯ, 1968ರಲ್ಲಿ, ಭಾರತದ ಕೀಟನಾಶಕಗಳ ಅಧಿನಿಯಮ ಬಂದಿತು. ನಮ್ಮ ರಾಜ್ಯದಲ್ಲಿಯೇ 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಕೀಟನಾಶಕ ಬೆರೆತು 15ಕ್ಕೂ ಹೆಚ್ಚು ಮಂದಿ ಸತ್ತುದನ್ನು ನಾವಾರೂ ಮರೆತಿಲ್ಲ. ಅಲ್ಲಿ ಪತ್ತೆಯಾದದ್ದು ಮಾನೊಕ್ರೊಟೊಫಾಸ್. ಆದುದರಿಂದ ಇದು ಪ್ರಯೋಗಶಾಲೆಯ ಒಣ ವಿಚಾರವೆಂದು ವಾಚಕರು ಪುಟ ತಿರುವಬಾರದಾಗಿ ಬೇಡಿಕೊಳ್ಳುತ್ತೇನೆ.

ಪ್ರತಿವಿಷ ಹುಟ್ಟಿದ ಬಗೆ

ಈ ವಿಷಕ್ಕೆ ಕೊಡುವ ಮದ್ದುಗಳು ಮುಖ್ಯವಾಗಿ ಎರಡು. ಒಂದು ಅಟ್ರೊಪೀನ್. ಇದು ಕಿಣ್ವವನ್ನು ಮುಟ್ಟುವುದಿಲ್ಲ. ದೂತನು ತಟ್ಟುವ ಬಾಗಿಲುಗಳಲ್ಲಿ ಕೆಲವನ್ನು ಮುಚ್ಚಿ, ಕಫವನ್ನು ಆರಿಸಿ, ಸೋತ ನಾಡಿಯನ್ನು ಎತ್ತುತ್ತದೆ. ಇದರ ಪ್ರಮಾಣವನ್ನು ನಿರ್ಧರಿಸಲು ರಕ್ತಪರೀಕ್ಷೆ ಬೇಡ. ಎದೆಯ ಗುರಗುರ ಸದ್ದು ಅಡಗಿತೆ, ನಾಡಿ ಏರಿತೆ, ರಕ್ತದ ಒತ್ತಡ ನಿಂತಿತೆ ಎಂದು ವೈದ್ಯರು ಗಳಿಗೆಗಳಿಗೆಗೂ ನೋಡುತ್ತ, ಸಾಕೆನ್ನುವವರೆಗೆ ಕೊಡುತ್ತಾರೆ. ಇಲ್ಲಿ ರೋಗಿಯ ಮೈಯೇ ಅಳತೆಗೋಲು.

ಎರಡನೆಯದು ನಮ್ಮ ದಾದಿ ಹೇಳಿದ ಪ್ಯಾಮ್, ಎಂದರೆ ಪ್ರಾಲಿಡಾಕ್ಸೈಮ್. ಸೋತ ಸ್ನಾಯುಗಳಿಗೆ ಅಟ್ರೊಪೀನ್ ಏನೂ ಮಾಡಲಾರದು. ಅದಕ್ಕೆ ಕಿಣ್ವವೇ ಮತ್ತೆ ಏಳಬೇಕು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಇರ್ವಿನ್ ವಿಲ್ಸನ್ ಈ ದಿಕ್ಕಿನಲ್ಲಿ ಯೋಚಿಸಿದನು. ಕಿಣ್ವದ ಆ ಜಾಗ ಧನ ವಿದ್ಯುದಂಶವುಳ್ಳ ಅಣುವನ್ನು ತನ್ನತ್ತ ಸೆಳೆಯುತ್ತದೆ. ಹಾಗಾದರೆ ಒಂದು ಕೊನೆಯಲ್ಲಿ ಧನ ವಿದ್ಯುದಂಶವೂ, ಇನ್ನೊಂದು ಕೊನೆಯಲ್ಲಿ ರಂಜಕವನ್ನು ಕಿತ್ತು ತೆಗೆಯುವ ಆಕ್ಸೈಮ್ ಗುಂಪೂ ಇರುವ ಅಣುವನ್ನು ಕಟ್ಟಿದರೆ, ಅದು ತಾನಾಗಿ ಹೋಗಿ ಬೆಣೆಯನ್ನು ಕೀಳಬೇಕಲ್ಲವೆ? ಹೀಗೆ ಎಣಿಸಿ 1955ರಲ್ಲಿ ಅವನು ಗಿನ್ಸ್‌ಬರ್ಗ್ ಎಂಬಾಕೆಯೊಡನೆ ಸಿದ್ಧಪಡಿಸಿದ್ದೇ ಈ ಮದ್ದು. ಅದೇ ವರ್ಷ ಇಂಗ್ಲೆಂಡಿನ ಪೋರ್ಟನ್ ಪ್ರಯೋಗಶಾಲೆಯವರೂ ಬೇರೆಯಾಗಿ ಇದನ್ನೇ ಕಂಡುಕೊಂಡರು. 1958ರಲ್ಲಿ ಜಪಾನಿನ ನಂಬ ಮತ್ತು ಹಿರಾಕಿ ಎಂಬ ವೈದ್ಯರು ವಿಷವೇರಿದ ರೋಗಿಗಳಿಗೆ ಇದನ್ನು ಕೊಟ್ಟ ವರದಿಯನ್ನು ಪ್ರಕಟಿಸಿದರು. ಕೇರಳದ ದುರಂತ ನಡೆದದ್ದೂ ಅದೇ ವರ್ಷ ಎಂಬುದನ್ನು ಗಮನಿಸಬೇಕು.

ಕೊಟ್ಟದ್ದೆಷ್ಟು?

ಇದು ಸುಲಭದ ಪ್ರಶ್ನೆಯೆಂದು ತೋರಬಹುದು. ಸೀಸೆಯ ಮೇಲೆ ಗ್ರಾಂ ಎಂದು ಬರೆದಿದೆಯಲ್ಲ! ಆದರೆ ಇಲ್ಲಿಯೂ ಒಂದು ತೊಡಕುಂಟು. ಧನ ವಿದ್ಯುದಂಶವಿರುವ ಪ್ರಾಲಿಡಾಕ್ಸೈಮ್ ಒಂಟಿಯಾಗಿರಲಾರದು. ಯಾವುದಾದರೊಂದು ಋಣ ವಿದ್ಯುದಂಶದೊಡನೆ ಕೂಡಿ ಲವಣವಾಗಿರುತ್ತದೆ. ಕೆಲವೆಡೆ ಅದು ಕ್ಲೋರೈಡ್, ಕೆಲವೆಡೆ ಅಯೋಡೈಡ್. ಕೆಲಸ ಮಾಡುವ ಭಾಗದ ತೂಕ ಸುಮಾರು 137. ಕ್ಲೋರೈಡ್ ಲವಣದ ಅಣುತೂಕ ಸುಮಾರು 173. ಅಯೋಡೈಡ್ ಭಾರವಾದುದರಿಂದ ಅದರ ಲವಣದ್ದು ಸುಮಾರು 264. ಎಂದರೆ ಒಂದು ಗ್ರಾಂ ಕ್ಲೋರೈಡಿನಲ್ಲಿ ನಿಜವಾದ ಮದ್ದು 0.79 ಗ್ರಾಂ, ಒಂದು ಗ್ರಾಂ ಅಯೋಡೈಡಿನಲ್ಲಿ 0.52 ಗ್ರಾಂ ಮಾತ್ರ. ಕಾಯಿಯನ್ನು ಸಿಪ್ಪೆಯೊಡನೆ ತೂಗಿದಂತೆ ಇದು. ಎರಡು ಆಸ್ಪತ್ರೆಗಳು “ಒಂದು ಗ್ರಾಂ ಕೊಟ್ಟೆವು” ಎಂದರೆ ಎರಡೂ ಒಂದೇ ಅಳತೆಯಾಗಬೇಕಾದುದಿಲ್ಲ.

ಇರುವುದೆಷ್ಟು?

ಈಗ ದೊಡ್ಡಪ್ಪನವರ ನಿಜವಾದ ಪ್ರಶ್ನೆಗೆ ಬರೋಣ. ಮದ್ದು ರಕ್ತನಾಳಕ್ಕೆ ಹೋದ ಮೇಲೆ ಅದನ್ನು ಅಳೆಯುವುದು ಹೇಗೆ?

ರೋಗಿಯ ತೋಳಿನಿಂದ ಕೊಂಚ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿರುವ ನಳಿಕೆಗೆ ತೆಗೆಯುತ್ತಾರೆ. ಅದನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿಟ್ಟು ರಭಸದಿಂದ ಸುತ್ತಿಸಿದರೆ ಕೆಂಪುಕಣಗಳು ತಳಕ್ಕಿಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿಯಾದ ದ್ರವ ನಿಲ್ಲುತ್ತದೆ. ಇದೇ ಪ್ಲಾಸ್ಮ. ಪ್ರಾಲಿಡಾಕ್ಸೈಮ್ ಪ್ಲಾಸ್ಮದ ಪ್ರೋಟೀನುಗಳಿಗೆ ಅಂಟಿಕೊಳ್ಳದೆ ಅದರಲ್ಲಿ ಬಿಡಿಯಾಗಿ ಕರಗಿರುತ್ತದೆ. ಆದರೆ ಪ್ರೋಟೀನುಗಳು ಬೆಳಕನ್ನು ಕಲಕಿ ಅಳತೆಗೆ ಅಡ್ಡಬರುತ್ತವೆ. ಆದುದರಿಂದ ಆಮ್ಲವನ್ನು ಬೆರೆಸಿ, ಹಾಲು ಒಡೆದಂತೆ ಪ್ರೋಟೀನನ್ನು ಒಡೆಯಿಸಿ, ಮತ್ತೆ ಸುತ್ತಿಸಿ, ತಿಳಿಯನ್ನು ಬೇರೆ ಮಾಡುತ್ತಾರೆ.

ಈ ತಿಳಿಗೆ ಕ್ಷಾರವನ್ನು ಬೆರೆಸಿದಾಗ ಆಕ್ಸೈಮ್ ಗುಂಪು ತನ್ನ ಜಲಜನಕವನ್ನು ಬಿಟ್ಟುಕೊಡುತ್ತದೆ. ಆಗ ಅಣುವಿನ ಸ್ವಭಾವ ಬದಲಾಗಿ, ಅದು ಸುಮಾರು 335 ನ್ಯಾನೊಮೀಟರ್ ಉದ್ದದ ಅಲೆಗಳುಳ್ಳ ನೇರಳಾತೀತ ಬೆಳಕನ್ನು ಬಲವಾಗಿ ಹೀರುತ್ತದೆ. ನಮ್ಮ ಕಣ್ಣಿಗೆ ಈ ಬೆಳಕು ಕಾಣದು. ಸ್ಪೆಕ್ಟ್ರೊಫೊಟೊಮೀಟರ್ ಎಂಬ ಉಪಕರಣಕ್ಕೆ ಕಾಣುತ್ತದೆ. ದ್ರಾವಣದಲ್ಲಿ ಮದ್ದು ಹೆಚ್ಚಿದಷ್ಟೂ ಅದು ಹೀರುವ ಬೆಳಕಿನ ಅಂಕಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಪಿ.ಯು. ತರಗತಿಯಲ್ಲಿ ರಸಾಯನಶಾಸ್ತ್ರ ಓದಿದವರು ಬಿಯರ್-ಲ್ಯಾಂಬರ್ಟ್ ನಿಯಮವನ್ನು ನೆನೆಯಬಹುದು. ಪೋರ್ಟನ್ನಿನ ಕ್ರೀಸಿ ಮತ್ತು ಗ್ರೀನ್ 1959ರಲ್ಲಿಯೇ ಈ ಜಾತಿಯ ಮದ್ದನ್ನು ಅಳೆಯುವ ಕ್ರಮವನ್ನು ಬರೆದಿಟ್ಟರು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಮದ್ದಿಲ್ಲದ ಶುದ್ಧ ಪ್ಲಾಸ್ಮಕ್ಕೆ ನಾವೇ ಅಳೆದು, ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಬರುವಂತೆ ಮದ್ದನ್ನು ಬೆರೆಸಿ, ಮೇಲಿನ ಎಲ್ಲ ಕ್ರಿಯೆಗಳನ್ನೂ ನಡೆಸಿದಾಗ ಉಪಕರಣ 0.40 ಎಂದು ತೋರಿಸಿತೆನ್ನೋಣ. ರೋಗಿಗೆ ಮದ್ದು ಕೊಡುವ ಮೊದಲು ತೆಗೆದ ಪ್ಲಾಸ್ಮ 0.02 ತೋರಿಸಿತು, ಮದ್ದು ಕೊಟ್ಟ ಮೇಲೆ 0.26. ಇವೆರಡರ ಅಂತರ 0.24. 0.40ಕ್ಕೆ 10 ಆದರೆ 0.24ಕ್ಕೆ 6. ರೋಗಿಯ ಪ್ಲಾಸ್ಮದಲ್ಲಿ ಮಿಲಿಲೀಟರಿಗೆ 6 ಮೈಕ್ರೊಗ್ರಾಂ ಮದ್ದಿದೆ ಎಂದಾಯಿತು. ತ್ರೈರಾಶಿ ಬಲ್ಲವರಿಗೆ ಇದು ಕಷ್ಟವಲ್ಲ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ರೋಗಿಯ ಪ್ಲಾಸ್ಮಕ್ಕೆ ಮಾಡಿದ್ದನ್ನೆಲ್ಲ ಹೋಲಿಕೆಯ ಪ್ಲಾಸ್ಮಕ್ಕೂ ಚಾಚೂ ತಪ್ಪದೆ ಮಾಡಬೇಕು. ಒಂದು ಹನಿ ಆಮ್ಲ ಹೆಚ್ಚುಕಡಿಮೆಯಾದರೂ ಹೋಲಿಕೆ ಕೆಡುತ್ತದೆ. ಎರಡನೆಯದು, ಕ್ಷಾರದಲ್ಲಿ ಈ ಮದ್ದು ಬಹಳ ಹೊತ್ತು ಉಳಿಯದೆ ಮೆಲ್ಲನೆ ಒಡೆಯುತ್ತದೆ. ಕ್ಷಾರ ಬೆರೆಸಿಟ್ಟು ಊಟಕ್ಕೆ ಹೋಗಿ ಬಂದವನಿಗೆ ಇದ್ದುದಕ್ಕಿಂತ ಕಡಮೆಯ ಅಂಕಿ ದೊರೆಯುತ್ತದೆ.

ರೋಗಿಗೆ ಕೊಟ್ಟ ಬೇರೆ ಔಷಧಿಗಳೂ ಇದೇ ಬೆಳಕನ್ನು ಹೀರಿದರೆ ಲೆಕ್ಕ ತಪ್ಪುತ್ತದೆ. ಆದುದರಿಂದ ಈಗ ಎಚ್‌.ಪಿ.ಎಲ್‌.ಸಿ. ಎಂಬ ಕ್ರಮವೇ ಹೆಚ್ಚಾಗಿ ಬಳಕೆಯಲ್ಲಿದೆ. ಇದರಲ್ಲಿ ಪ್ಲಾಸ್ಮದ ತಿಳಿಯನ್ನು ನುಣ್ಣನೆಯ ಪುಡಿ ತುಂಬಿದ ಕೊಳವೆಯ ಮೂಲಕ ಒತ್ತಡದಿಂದ ಹಾಯಿಸುತ್ತಾರೆ. ಜಾತ್ರೆಯಲ್ಲಿ ಒಟ್ಟಿಗೆ ಹೊರಟವರು ಅವರವರ ಆಸಕ್ತಿಗೆ ತಕ್ಕಂತೆ ಅಂಗಡಿಗಳ ಮುಂದೆ ನಿಂತು ಬೇರೆ ಬೇರೆ ಹೊತ್ತಿಗೆ ಆಚೆ ತಲಪುವಂತೆ, ಒಂದೊಂದು ವಸ್ತುವೂ ತನ್ನದೇ ಸಮಯಕ್ಕೆ ಹೊರಬರುತ್ತದೆ. ಪ್ರಾಲಿಡಾಕ್ಸೈಮ್ ಹೊರಬರುವ ನಿಮಿಷದಲ್ಲಿ ಬೆಳಕಿನ ಅಳತೆ ತೆಗೆದರೆ ಬೇರೆಯವುಗಳ ಕಲಬೆರಕೆ ತಪ್ಪುತ್ತದೆ.

ತೂತಿನ ಕೊಡ

ಒಂದು ಸಲ ಅಳೆದರೆ ಸಾಲದು. ಏಕೆಂದರೆ ಈ ಮದ್ದು ಮೈಯಲ್ಲಿ ನಿಲ್ಲುವುದಿಲ್ಲ. ಮೂತ್ರಪಿಂಡಗಳು ಇದರ ಹೆಚ್ಚಿನ ಪಾಲನ್ನು ಇದ್ದ ರೂಪದಲ್ಲಿಯೇ ಹೊರಹಾಕುತ್ತವೆ. ಆರೋಗ್ಯವಂತರಲ್ಲಿ ಸುಮಾರು 75 ನಿಮಿಷಗಳಿಗೊಮ್ಮೆ ರಕ್ತದಲ್ಲಿನ ಮದ್ದು ಅರ್ಧಕ್ಕಿಳಿಯುತ್ತದೆ. ವಿಷವೇರಿದವರಲ್ಲಿ ಮೂತ್ರಪಿಂಡಗಳ ಸ್ಥಿತಿಗೆ ತಕ್ಕಂತೆ ಈ ಕಾಲ ಹಿಗ್ಗುವುದುಂಟು. ಅಳೆದು ನೋಡಬೇಕೆನ್ನುವುದಕ್ಕೆ ಅದೂ ಒಂದು ಕಾರಣ.

ಲೆಕ್ಕ ಹಾಕಿ ನೋಡೋಣ. ಚುಚ್ಚುಮದ್ದಾದೊಡನೆ ಮಿಲಿಲೀಟರಿಗೆ 18 ಮೈಕ್ರೊಗ್ರಾಂ ಇದ್ದಿತೆನ್ನಿ. 75 ನಿಮಿಷಕ್ಕೆ 9, 150 ನಿಮಿಷಕ್ಕೆ 4.5, 225 ನಿಮಿಷಕ್ಕೆ 2.25. ನಾಲ್ಕು ಗಂಟೆಗೊಮ್ಮೆ ಮದ್ದು ಕೊಡುವ ಪದ್ಧತಿಯಲ್ಲಿ ಮುಂದಿನ ಸರದಿ ಬರುವ ಹೊತ್ತಿಗೆ ಅದು ಸುಮಾರು ಒಂಬತ್ತನೆಯ ಒಂದು ಪಾಲಿಗೆ, ಎಂದರೆ 2ಕ್ಕೆ ಇಳಿದಿರುತ್ತದೆ. ತೂತಿನ ಕೊಡವನ್ನು ನಾಲ್ಕು ಗಂಟೆಗೊಮ್ಮೆ ತುಂಬಿದರೆ ನಡುವೆ ಅದು ಬರಿದಾಗಲೇಬೇಕು. ಕೊಡ ಸದಾ ಒಂದೇ ಮಟ್ಟದಲ್ಲಿರಬೇಕಾದರೆ ಸೋರುವಷ್ಟೇ ನೀರು ಮೇಲಿಂದ ಬೀಳುತ್ತಿರಬೇಕು. ಹನಿಹನಿಯಾಗಿ ಮದ್ದು ಕೊಡುವ ಡ್ರಿಪ್ಪಿನ ತತ್ತ್ವವೇ ಇದು. ಆದರೆ ಬರಿಯ ಹನಿಯಿಂದ ಖಾಲಿ ಕೊಡ ಬೇಕಾದ ಮಟ್ಟಕ್ಕೆ ಏರಲು ಐದಾರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವಂತಿಲ್ಲವಾದುದರಿಂದ ಮೊದಲು ಒಂದು ದೊಡ್ಡ ಪ್ರಮಾಣ ಕೊಟ್ಟು ಆಮೇಲೆ ಹನಿ ಹಚ್ಚುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಸೂತ್ರವೂ ಇದೇ: ದೇಹದ ಪ್ರತಿ ಕಿಲೋಗ್ರಾಂಗೆ ಕನಿಷ್ಠ 30 ಮಿಲಿಗ್ರಾಂ ಮೊದಲ ಪ್ರಮಾಣ, ಅನಂತರ ಗಂಟೆಗೆ 8 ಮಿಲಿಗ್ರಾಂ. 50 ಕಿಲೋ ತೂಕದವನಿಗೆ ಇದು ಮೊದಲು ಒಂದೂವರೆ ಗ್ರಾಂ, ಬಳಿಕ ಗಂಟೆಗೆ 400 ಮಿಲಿಗ್ರಾಂ ಆಗುತ್ತದೆ.

ಹಾಗೆಂದು ಹೆಚ್ಚಿದಷ್ಟೂ ಒಳಿತೆಂದು ಭಾವಿಸಬಾರದು. ಅತಿಯಾದರೆ ಅಮೃತವೂ ವಿಷ. ಈ ಮದ್ದನ್ನು ಅವಸರದಿಂದ ರಕ್ತಕ್ಕೆ ಹೊಗಿಸಿದರೆ ವಾಂತಿ, ಎದೆಬಡಿತ, ರಕ್ತದ ಒತ್ತಡದ ಏರಿಕೆ, ಸ್ನಾಯುಗಳ ಬಿಗಿತ ಕಾಣಿಸಬಹುದು. ಮೂತ್ರಪಿಂಡ ಸೋತವರಲ್ಲಿ ಅದು ಒಳಗೇ ಕೂಡುತ್ತದೆ. ಅಳತೆಗೆ ಕೆಳಗಿನ ಗೆರೆಯಿದ್ದಂತೆ ಮೇಲಿನ ಗೆರೆಯೂ ಉಂಟು.

ನಾಲ್ಕು ಎಂಬ ಸಂಖ್ಯೆಯ ಕತೆ

ಕೆಳಗಿನ ಗೆರೆ ಯಾವುದು? ಎಷ್ಟಿದ್ದರೆ ಸಾಕು? ಬಹುಕಾಲ ಪುಸ್ತಕಗಳಲ್ಲಿ ಕಾಣುತ್ತಿದ್ದ ಉತ್ತರ: ಮಿಲಿಲೀಟರಿಗೆ 4 ಮೈಕ್ರೊಗ್ರಾಂ. ಈ ನಾಲ್ಕು ಎಲ್ಲಿಂದ ಬಂದಿತು? 1961ರಲ್ಲಿ ಸ್ವೀಡನ್ನಿನ ಸುಂಡ್ವಾಲ್ ಎಂಬ ಸಂಶೋಧಕನು ಅರಿವಳಿಕೆ ಕೊಟ್ಟ ಬೆಕ್ಕುಗಳಿಗೆ ಯುದ್ಧವಿಷಗಳ ಜಾತಿಗೆ ಸೇರಿದ ವಿಷವನ್ನು ಹಾಕಿ, ಸೋತ ಸ್ನಾಯು ಮತ್ತೆ ಚೇತರಿಸಲು ಪ್ಲಾಸ್ಮದಲ್ಲಿ ಎಷ್ಟು ಮದ್ದು ಬೇಕೆಂದು ನೋಡಿದನು. ಬಂದ ಉತ್ತರ ಸುಮಾರು 4. ಅವನ ಪ್ರಯೋಗ ಶುದ್ಧವಾದುದೇ. ಆದರೆ ಬೆಕ್ಕಿನಲ್ಲಿ, ಒಂದು ಬಗೆಯ ವಿಷಕ್ಕೆ ಕಂಡ ಅಂಕಿಯು ಮನುಷ್ಯನಿಗೂ, ಹೊಲದ ಎಲ್ಲ ಕೀಟನಾಶಕಗಳಿಗೂ ಸಲ್ಲುವ ನಿಯಮವೆಂಬಂತೆ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿತು.

ಮುಂದೆ ಮ್ಯೂನಿಕ್ಕಿನ ಪೀಟರ್ ಐಯರ್ ಮತ್ತು ಇತರ ಜರ್ಮನ್ ವಿದ್ವಾಂಸರು ಮನುಷ್ಯರ ಕಿಣ್ವವನ್ನೇ ತೆಗೆದುಕೊಂಡು ಪರೀಕ್ಷಿಸಿದಾಗ, ಬೇಕಾಗುವ ಮದ್ದಿನ ಮಟ್ಟವು ವಿಷದಿಂದ ವಿಷಕ್ಕೆ ಬದಲಾಗುವುದೆಂದೂ, ಅನೇಕ ಕೀಟನಾಶಕಗಳಿಗೆ ನಾಲ್ಕು ಸಾಲದೆಂದೂ ತಿಳಿಯಿತು. ಮೈಯಲ್ಲಿ ವಿಷ ಇನ್ನೂ ಹೇರಳವಾಗಿದ್ದರೆ ಮದ್ದು ಒಂದು ಕಡೆ ಬೆಣೆ ಕಿತ್ತಂತೆ ಇನ್ನೊಂದು ಕಡೆ ಹೊಸ ಬೆಣೆ ಬೀಳುತ್ತಿರುತ್ತದೆ. ಅಂಕಿಯೊಂದು ಅಚ್ಚಾದ ಮಾತ್ರಕ್ಕೆ ಅದರ ಹುಟ್ಟನ್ನು ಕೇಳದಿರಬಾರದೆಂಬುದು ಕಲಾವಿಭಾಗದವರಾದ ನಮಗೂ ಇದರಿಂದ ದೊರೆಯುವ ಪಾಠ. ಶಾಸನದ ಪಾಠವನ್ನು ಮೂಲದೊಡನೆ ಹೋಲಿಸಿ ನೋಡುವುದನ್ನು ನಮ್ಮ ಅಧ್ಯಾಪಕರು ಕಲಿಸುವುದು ಇದಕ್ಕಾಗಿಯೇ ಅಲ್ಲವೆ?

ಆದದ್ದೇನು?

ಮದ್ದು ಬೇಕಾದ ಮಟ್ಟದಲ್ಲಿದೆ ಎನ್ನೋಣ. ಗದ್ದೆಗೆ ನೀರು ಬಂದಿದೆ. ಪೈರು ಕುಡಿಯಿತೆ? ಇದನ್ನು ತಿಳಿಯಬೇಕಾದರೆ ಕಿಣ್ವವನ್ನೇ ಅಳೆಯಬೇಕು. ನರದ ತುದಿಯ ಕಿಣ್ವವನ್ನು ತೆಗೆಯುವಂತಿಲ್ಲ. ಆದರೆ ಅದೇ ಕಿಣ್ವ ರಕ್ತದ ಕೆಂಪುಕಣಗಳ ಮೇಲೂ ಇದೆ. 1961ರಲ್ಲಿ ಎಲ್ಮನ್ ಎಂಬಾತನು ಪ್ರಕಟಿಸಿದ ಕ್ರಮದಲ್ಲಿ, ಕಿಣ್ವ ಜೀವಂತವಾಗಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ಹಳದಿ ಬೇಗ ಏರಿದಷ್ಟೂ ಕಿಣ್ವ ಚುರುಕು.

ಇಲ್ಲೊಂದು ವಿಚಿತ್ರವುಂಟು. ಈ ಪರೀಕ್ಷೆಗೆ ಬಳಸುವ ವಸ್ತುವನ್ನು ಪ್ರಾಲಿಡಾಕ್ಸೈಮ್ ತಾನೇ ಸ್ವಲ್ಪ ಒಡೆದು, ಕಿಣ್ವವಿಲ್ಲದೆಯೇ ಹಳದಿ ಬರಿಸಬಲ್ಲುದು! ಎಂದರೆ ಮದ್ದೇ ತನ್ನ ಪರವಾಗಿ ಸುಳ್ಳು ಸಾಕ್ಷಿ ಹೇಳುತ್ತದೆ. ಅಲ್ಲದೆ ನಳಿಕೆಯಲ್ಲಿರುವ ರಕ್ತದಲ್ಲಿಯೂ ವಿಷ, ಕಿಣ್ವ, ಮದ್ದು ಮೂರರ ಜಗಳ ನಡೆದೇ ಇರುತ್ತದೆ. ಆದುದರಿಂದ ರಕ್ತವನ್ನು ತೆಗೆದ ಕೂಡಲೇ ತಣ್ಣನೆಯ ದ್ರಾವಣದಲ್ಲಿ ಬೆರೆಸಿ ತೆಳುಮಾಡಿ ಆ ಜಗಳವನ್ನು ನಿಲ್ಲಿಸಬೇಕು. ಮದ್ದಿನಿಂದಲೇ ಬರುವ ಹಳದಿಯನ್ನು ಬೇರೆಯಾಗಿ ಅಳೆದು ಕಳೆಯಬೇಕು. ಪ್ಲಾಸ್ಮದಲ್ಲಿ ಮದ್ದೆಷ್ಟೆಂದು ತಿಳಿದಿದ್ದರೆ ಈ ಲೆಕ್ಕವೂ ನೇರವಾಗುತ್ತದೆ.

ಇನ್ನೊಂದು ತೊಡಕು ಕಾಲದ್ದು. ಬೆಣೆ ಬಿದ್ದ ಕಿಣ್ವ ಹಾಗೆಯೇ ಉಳಿದರೆ, ಅಂಟಿದ ರಂಜಕದ ಭಾಗವು ಒಂದು ತುಣುಕನ್ನು ಕಳಚಿಕೊಂಡು ಗಟ್ಟಿಯಾಗಿ ಕೂರುತ್ತದೆ. ಇದನ್ನು ಕಿಣ್ವಕ್ಕೆ ಮುಪ್ಪು ಬರುವುದೆನ್ನುತ್ತಾರೆ. ಮುಪ್ಪಾದ ಕಿಣ್ವವನ್ನು ಪ್ರಾಲಿಡಾಕ್ಸೈಮ್ ಎಷ್ಟಿದ್ದರೂ ಎಬ್ಬಿಸಲಾರದು. ಮಾನೊಕ್ರೊಟೊಫಾಸ್, ಡೈಮೆಥೊಯೇಟ್ ಮುಂತಾದ ಡೈಮಿಥೈಲ್ ಜಾತಿಯವುಗಳಲ್ಲಿ ಸುಮಾರು 3.7 ಗಂಟೆಗೆ ಅರ್ಧ ಕಿಣ್ವ ಮುಪ್ಪಾಗುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದ ಡೈಈಥೈಲ್ ಜಾತಿಯವುಗಳಲ್ಲಿ ಇದಕ್ಕೆ ಸುಮಾರು 33 ಗಂಟೆ ಬೇಕು. ಮೊದಲ ಜಾತಿಯಲ್ಲಿ ಹನ್ನೊಂದು ಗಂಟೆ ತಡವಾದರೆ ಎಬ್ಬಿಸಬಹುದಾದ ಕಿಣ್ವ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಗದ್ದೆಗೆ ನೀರು ಬಂದಿದೆ, ಆದರೆ ಪೈರು ಆಗಲೇ ಒಣಗಿದೆ.

ಎರಡು ಪರೀಕ್ಷೆಗಳು

ಮೂರು ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿ ಇಡಬೇಕೆನ್ನುವುದಕ್ಕೆ ನಮ್ಮ ಸುತ್ತಲಿನ ಎರಡು ಪರೀಕ್ಷೆಗಳೇ ಸಾಕ್ಷಿ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಪವಾರ್ ಮತ್ತು ಸಂಗಡಿಗರು 200 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮೊದಲು 2 ಗ್ರಾಂ ಅಯೋಡೈಡ್. ಬಳಿಕ ಒಂದು ಗುಂಪಿಗೆ 48 ಗಂಟೆ ಕಾಲ ಗಂಟೆಗೆ 1 ಗ್ರಾಂನಂತೆ ಎಡೆಬಿಡದೆ, ಇನ್ನೊಂದಕ್ಕೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂ. 2006ರಲ್ಲಿ ಪ್ರಕಟವಾದ ಫಲದಂತೆ ಮೊದಲ ಗುಂಪಿನಲ್ಲಿ ನೂರಕ್ಕೆ ಒಬ್ಬರು, ಎರಡನೆಯದರಲ್ಲಿ ನೂರಕ್ಕೆ ಎಂಟು ಮಂದಿ ಸತ್ತರು. ತೂತಿನ ಕೊಡದ ತರ್ಕಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ಆದರೆ 2009ರಲ್ಲಿ ಶ್ರೀಲಂಕಾದಿಂದ ಎಡಲ್‌ಸ್ಟನ್ ಮತ್ತು ಸಂಗಡಿಗರ ಫಲ ಬೇರೆಯಾಗಿ ಬಂದಿತು. 235 ರೋಗಿಗಳಲ್ಲಿ ಕೆಲವರಿಗೆ 2 ಗ್ರಾಂ ಕ್ಲೋರೈಡ್, ಆಮೇಲೆ ಗಂಟೆಗೆ ಅರ್ಧ ಗ್ರಾಂ. ಉಳಿದವರಿಗೆ ಬರಿಯ ಉಪ್ಪುನೀರು. ಅಟ್ರೊಪೀನ್ ಎಲ್ಲರಿಗೂ ಉಂಟು. ಮದ್ದು ಪಡೆದ 121 ಮಂದಿಯಲ್ಲಿ 30 ಜನ, ಪಡೆಯದ 114 ಮಂದಿಯಲ್ಲಿ 18 ಜನ ತೀರಿಕೊಂಡರು. ಈ ಅಂತರ ಆಕಸ್ಮಿಕವೂ ಆಗಿರಬಹುದೆಂದು ಗಣಿತ ಹೇಳುತ್ತದೆ. ಆದರೆ ಮದ್ದಿನಿಂದ ಲಾಭವಾಯಿತೆನ್ನುವಂತಿರಲಿಲ್ಲ. ಅತಿ ಮುಖ್ಯವಾದ ಸಂಗತಿಯೆಂದರೆ, ಅವರು ಕಿಣ್ವವನ್ನೂ ಅಳೆದಿದ್ದರು. ವಿಶೇಷವಾಗಿ ಡೈಈಥೈಲ್ ಜಾತಿಯ ವಿಷದಲ್ಲಿ ಕೆಂಪುಕಣಗಳ ಕಿಣ್ವ ನಿಜವಾಗಿ ಎದ್ದಿತ್ತು. ಆದರೂ ಸಾವು ಕಡಮೆಯಾಗಲಿಲ್ಲ.

ಈ ಎರಡನ್ನೂ ಹೋಲಿಸುವಾಗ ಮೊದಲು ಹೇಳಿದ ಸಿಪ್ಪೆಯ ಲೆಕ್ಕವನ್ನು ಮರೆಯಬಾರದು. ಗಂಟೆಗೆ ಒಂದು ಗ್ರಾಂ ಮತ್ತು ಅರ್ಧ ಗ್ರಾಂ ಎಂದರೆ ಬಾರಾಮತಿಯವರು ಇಮ್ಮಡಿ ಕೊಟ್ಟಂತೆ ತೋರುತ್ತದೆ. ನಿಜವಾದ ಮದ್ದನ್ನು ಎಣಿಸಿದರೆ ಅದು 0.52 ಮತ್ತು 0.40 ಗ್ರಾಂ, ಮೊದಲ ಪ್ರಮಾಣದಲ್ಲಂತೂ ಶ್ರೀಲಂಕಾದವರದೇ ಹೆಚ್ಚು. ಆದುದರಿಂದ ಬರಿಯ ಗ್ರಾಂಗಳಿಂದ ಈ ಭೇದವನ್ನು ವಿವರಿಸಲಾಗದು. ಯಾವ ವಿಷ, ಎಷ್ಟು ಬೇಗ ಬಂದರು, ಉಸಿರಾಟದ ಯಂತ್ರ ಮತ್ತು ಆರೈಕೆ ಎಂತಹದು ಎಂಬುವೆಲ್ಲ ತಕ್ಕಡಿಯಲ್ಲಿ ಕೂರುತ್ತವೆ.

ಮುಗಿಸುವ ಮುನ್ನ

ಪ್ಲಾಸ್ಮದಲ್ಲಿ ಪ್ರತಿವಿಷವನ್ನು ಅಳೆಯುವುದು ಹಾಗಾದರೆ ವ್ಯರ್ಥವೆ? ಎಂದಿಗೂ ಅಲ್ಲ. ಅಳೆಯದಿದ್ದರೆ, ಮದ್ದು ಸೋತದ್ದು ಅದು ಸಾಲದೆ ಹೋದುದರಿಂದಲೋ, ತಡವಾದುದರಿಂದಲೋ, ಅಥವಾ ಆ ವಿಷಕ್ಕೆ ಅದು ಮದ್ದೇ ಅಲ್ಲದುದರಿಂದಲೋ ಎಂದು ಬೇರ್ಪಡಿಸಲು ದಾರಿಯೇ ಇಲ್ಲ. ಮೂರಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಪ್ರಮಾಣ ಹೆಚ್ಚಿಸಬೇಕು. ಎರಡನೆಯದಕ್ಕೆ ಹಳ್ಳಿಯಿಂದ ಆಸ್ಪತ್ರೆಗೆ ಬೇಗ ತಲಪಿಸುವ ಏರ್ಪಾಡು ಬೇಕು. ಮೂರನೆಯದಕ್ಕೆ ಬೇರೆ ಮದ್ದನ್ನೇ ಹುಡುಕಬೇಕು. ಅಳತೆಯು ರೋಗಿಯನ್ನು ತಾನಾಗಿ ಉಳಿಸುವುದಿಲ್ಲ. ನಾಳೆ ಬರುವ ರೋಗಿಯನ್ನು ಹೇಗೆ ಉಳಿಸಬೇಕೆಂಬುದನ್ನು ಕಲಿಸುತ್ತದೆ.

ಈ ಲೇಖನದ ಸಾರಾಂಶವನ್ನು ಕಳೆದ ಯುಗಾದಿಯಲ್ಲಿ ದೊಡ್ಡಪ್ಪನವರಿಗೆ ಓದಿಹೇಳಿದೆನು. ಜಗುಲಿಯ ಮೇಲೆ ನಮ್ಮ ಕೂಲಿಯಾಳೂ ಕುಳಿತಿದ್ದನು. ಎಲ್ಲವನ್ನೂ ಕೇಳಿ ದೊಡ್ಡಪ್ಪ, “ಹಂಗಾದ್ರೆ ನಾನು ಕೇಳಿದ್ದು ತಪ್ಪಲ್ಲ ಅನ್ನು” ಎಂದರು. ತಪ್ಪಲ್ಲವೆಂದೆನು. ಕೂಲಿಯಾಳು ಮಾತ್ರ, “ಔಷಧಿ ಹೊಡೆಯೋವಾಗ ಮೂಗಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಂತಿದ್ರೆ ಇಷ್ಟೆಲ್ಲಾ ಅಳತೆ ಬೇಕಾಗ್ತಿರಲಿಲ್ಲ, ಸ್ವಾಮಿ” ಎಂದನು. ಅದೂ ತಪ್ಪಲ್ಲ. ರಜೆಯಲ್ಲಿ ಹಳ್ಳಿಗೆ ಹೋಗುವ ಗೆಳೆಯರು ಅವನ ಮಾತನ್ನೂ ತಮ್ಮ ಮನೆಯವರಿಗೆ ತಿಳಿಸಬೇಕೆಂದು ಕೋರಿ ವಿರಮಿಸುತ್ತೇನೆ.